ಹವಳದ ತೊಟ್ಟಿಗೆ ಸುಣ್ಣದ ತಿಳಿನೀರು: ಹನಿಯನ್ನು ಅಳೆದ ಇತಿಹಾಸ

ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ದುಬಲಗುಂಡಿಗೂ ಸಮುದ್ರಕ್ಕೂ ನಡುವೆ ನೂರಾರು ಕಿಲೋಮೀಟರ್ ದೂರವಿದೆ. ಅಲ್ಲಿ ಹವಳ ಎಂದರೆ ಉಂಗುರದಲ್ಲಿ ಕೂಡಿಸುವ ಕೆಂಪು ಮಣಿ. ಆದರೆ ಸುಣ್ಣ ಯಾರಿಗೂ ಹೊಸದಲ್ಲ. ಗೋಡೆಗೆ ಬಳಿಯುವ ಸುಣ್ಣ, ಎಲೆ ಅಡಿಕೆಯ ಜೊತೆ ಹಚ್ಚುವ ಸುಣ್ಣ, ಬೆಲ್ಲದ ಕಡಾಯಿಗೆ ಹಾಕುವ ಸುಣ್ಣ, ಶಾಲೆಯ ಪ್ರಯೋಗಾಲಯದಲ್ಲಿ ಇಂಗಾಲದ ಡೈಆಕ್ಸೈಡನ್ನು ಗುರುತಿಸುವ ಸುಣ್ಣದ ತಿಳಿನೀರು, ಹೀಗೆ ಅದು ನಮ್ಮೊಡನೆ ನಿತ್ಯವೂ ಇದೆ. ಇದೇ ತಿಳಿನೀರನ್ನು ಜರ್ಮನ್ ಭಾಷೆಯಲ್ಲಿ 'ಕಾಲ್ಕ್‌ವಾಸ್ಸರ್' ಎನ್ನುತ್ತಾರೆ. 'ಕಾಲ್ಕ್' ಎಂದರೆ ಸುಣ್ಣ, 'ವಾಸ್ಸರ್' ಎಂದರೆ ನೀರು. ಗಾಜಿನ ತೊಟ್ಟಿಯಲ್ಲಿ ಜೀವಂತ ಹವಳ ಸಾಕುವವರು ಕಳೆದ ಅರ್ಧ ಶತಮಾನದಿಂದ ಹವಳಕ್ಕೆ ಉಣಿಸುತ್ತಿರುವುದು ಇದನ್ನೇ.

ಉಣಿಸುವ ವಸ್ತು ಅಗ್ಗದ್ದು, ಸರಳವಾದದ್ದು. ಕಷ್ಟವಿರುವುದು ಅಳತೆಯಲ್ಲಿ. ಎಲೆಗೆ ಸುಣ್ಣ ಹೆಚ್ಚಾದರೆ ಬಾಯಿ ಸುಡುತ್ತದೆ. ತೊಟ್ಟಿಗೆ ಸುಣ್ಣದ ನೀರು ಒಮ್ಮೆಲೇ ಬಿದ್ದರೆ ಅದರಲ್ಲಿರುವ ಜೀವಿಗಳೆಲ್ಲ ಒಂದೇ ರಾತ್ರಿಯಲ್ಲಿ ಸಾಯಬಹುದು. ಹೀಗಾಗಿ ಯಾವ ಉಪಕರಣದಿಂದ, ಎಷ್ಟು ನಿಧಾನವಾಗಿ ಹನಿಸಬೇಕು ಎಂಬ ಪ್ರಶ್ನೆ ಹುಟ್ಟಿತು. ಈ ಪ್ರಶ್ನೆಗೆ ಸಿಕ್ಕ ಉತ್ತರಗಳ ಹಿಂದೆ ಮುನ್ನೂರು ವರ್ಷಗಳಿಗೂ ಮಿಕ್ಕಿದ ವಿಜ್ಞಾನದ ಕಥೆಯಿದೆ. ಅದನ್ನು ನಮ್ಮ ಸೀಮೆಯಿಂದಲೇ ಆರಂಭಿಸೋಣ.

ನಮ್ಮ ಸೀಮೆಯ ಸುಣ್ಣ

'ಸುಣ್ಣ' ಎಂಬ ಪದ 'ಚೂರ್ಣ' ಎಂಬ ಸಂಸ್ಕೃತ ಪದದಿಂದ ಪ್ರಾಕೃತದ ಮೂಲಕ ಕನ್ನಡಕ್ಕೆ ಬಂದದ್ದು. ಹುಮನಾಬಾದ, ಬಸವಕಲ್ಯಾಣಗಳ ನೆಲದ ಅಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದಿಂದಾದ ದಖ್ಖನ್ ಬಸಾಲ್ಟ್ ಶಿಲೆ. ಈ ಶಿಲೆ ಸವೆದು ಉಂಟಾದ ಕಪ್ಪು ಮಣ್ಣಿನಲ್ಲಿ ಬಿಳಿ ಸುಣ್ಣದ ಹರಳುಗಳು ಸಿಗುತ್ತವೆ. ಇವೇ ಕಂಕರ. ಮಣ್ಣಿನ ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೋನೇಟ್, ನೀರು ಆರಿದಂತೆ ಕಾರ್ಬೋನೇಟ್ ಆಗಿ ಗಂಟುಕಟ್ಟಿಕೊಂಡು ಕಂಕರವಾಗುತ್ತದೆ. ದಕ್ಷಿಣಕ್ಕೆ ಕಲಬುರಗಿ ಜಿಲ್ಲೆಗೆ ಇಳಿದರೆ ಶಹಾಬಾದ, ಸೇಡಂ ಕಡೆ ಸುಣ್ಣಶಿಲೆಯ ಪದರಗಳೇ ಇವೆ. ಅವು ಚಿಪ್ಪಿನ ಪ್ರಾಣಿಗಳೂ ಹವಳಗಳೂ ಹುಟ್ಟುವುದಕ್ಕಿಂತ ಬಹು ಹಿಂದಿನ ಒಂದು ಕಡಲಿನ ತಳದಲ್ಲಿ ಕೂಡಿದ ಪದರಗಳು.

ಕಲ್ಯಾಣ ಚಾಲುಕ್ಯರ ಕಾಲದ ದೇಗುಲಗಳಲ್ಲಿ ಕಲ್ಲಿಗೆ ಕಲ್ಲನ್ನು ಗಾರೆಯಿಲ್ಲದೆ ಕೂಡಿಸುವುದು ಸಾಮಾನ್ಯ ಪದ್ಧತಿಯಾಗಿತ್ತು. ಹುಮನಾಬಾದ ತಾಲ್ಲೂಕಿನ ಜಲಸಂಗಿಯ ದೇಗುಲ ಆ ಕಾಲದ್ದು. ಸುಣ್ಣದ ಗಾರೆ ಈ ಭಾಗದಲ್ಲಿ ಹೇರಳವಾಗಿ ಬಳಕೆಗೆ ಬಂದದ್ದು ಬಹಮನಿ ಸುಲ್ತಾನರ ಕಾಲದಲ್ಲಿ. 15ನೇ ಶತಮಾನದ ಮೊದಲ ಭಾಗದಲ್ಲಿ ಬೀದರ ಅವರ ರಾಜಧಾನಿಯಾಯಿತು. ಕೋಟೆ, ಗುಮ್ಮಟಗಳು, 1472ರ ಮಹಮೂದ್ ಗವಾನನ ಮದರಸಾ ಎಲ್ಲವೂ ಭಟ್ಟಿಯಲ್ಲಿ ಸುಟ್ಟು, ನೀರಿನಲ್ಲಿ ಅರಳಿಸಿ, ಗಾಣದಲ್ಲಿ ಅರೆದ ಸುಣ್ಣವನ್ನು ಬೇಡಿದವು. ಗಾರೆ ಗಟ್ಟಿಯಾಗುವುದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮರಳಿ ಪಡೆದು ಸುಣ್ಣಕಲ್ಲಾಗುವುದರಿಂದ ಎಂದು ಆ ಕೆಲಸಗಾರರಿಗೆ ಗೊತ್ತಿರಲಿಲ್ಲ. ಆದರೆ ಗಾರೆಯ ಪಾಕ ಯಾವಾಗ ಸರಿಯಾಗಿದೆ ಎಂದು ಅವರ ಕೈಗೆ ಗೊತ್ತಿತ್ತು.

ಅಳತೆಯ ಇನ್ನೊಂದು ಪಾಠ ಕಬ್ಬಿನ ಗಾಣದಲ್ಲಿದೆ. ಕಬ್ಬಿನ ಹಾಲು ಸ್ವಲ್ಪ ಆಮ್ಲೀಯವಾಗಿದ್ದು ಅದರ ಪಿಎಚ್ ಮೌಲ್ಯ 5ರಿಂದ 5.5ರಷ್ಟಿರುತ್ತದೆ. ಅದಕ್ಕೆ ಸುಣ್ಣ ಸೇರಿಸಿದರೆ ಆಮ್ಲ ತಟಸ್ಥಗೊಂಡು ಕಲ್ಮಶಗಳು ಗಸಿಯಾಗಿ ಬೇರ್ಪಡುತ್ತವೆ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ, ಕಡಿಮೆಯಾದರೆ ಸರಿಯಾಗಿ ಕಟ್ಟುವುದಿಲ್ಲ. ಸಕ್ಕರೆ ಕಾರ್ಖಾನೆಗಳಲ್ಲಿ ಇದೇ ಕೆಲಸಕ್ಕೆ 'ಸುಣ್ಣದ ಹಾಲು', ಅಂದರೆ ನೀರಿನಲ್ಲಿ ತೇಲಾಡುವ ಸುಣ್ಣದ ಗಂಜಿ ಬಳಕೆಯಾಗುತ್ತದೆ. ಹುಮನಾಬಾದ ತಾಲ್ಲೂಕಿನ ಹಳ್ಳಿಖೇಡದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದಾಗ ಈ ತಂತ್ರ ದುಬಲಗುಂಡಿಯ ನೆರೆಗೇ ಬಂದಿತು. ಹರಿಯುವ ರಸಕ್ಕೆ ಹರಿಯುವ ಸುಣ್ಣವನ್ನು, ಪಿಎಚ್ ಮೌಲ್ಯ 7ರ ಆಸುಪಾಸಿನಲ್ಲಿ ನಿಲ್ಲುವಂತೆ ಬೆರೆಸುವುದು ಅಲ್ಲಿನ ಸವಾಲು. ಹವಳದ ತೊಟ್ಟಿಯ ಸವಾಲೂ ಇದೇ ಜಾತಿಯದು, ಪ್ರಮಾಣ ಮಾತ್ರ ಚಿಕ್ಕದು.

ಎಡಿನ್‌ಬರೋದ ವಾದ

ಸುಣ್ಣದ ತಿಳಿನೀರು ವಿಜ್ಞಾನದ ಚರಿತ್ರೆಗೆ ಪ್ರವೇಶಿಸಿದ್ದು ಔಷಧಿಯಾಗಿ. 1740ರ ದಶಕದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ವೈದ್ಯ ರಾಬರ್ಟ್ ವಿಟ್, ಮೂತ್ರಕೋಶದ ಕಲ್ಲನ್ನು ಸುಣ್ಣದ ನೀರು ಕರಗಿಸುತ್ತದೆಂದು ವಾದಿಸಿದ. ಸಿಂಪಿಯ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವೇ ಶ್ರೇಷ್ಠ ಎಂದು ಅವನ ಮತ. ಅದೇ ವಿಶ್ವವಿದ್ಯಾಲಯದ ಚಾರ್ಲ್ಸ್ ಆಲ್ಸ್‌ಟನ್ ಇದನ್ನು ಒಪ್ಪಲಿಲ್ಲ. ನಮ್ಮ ಕರಾವಳಿಯಲ್ಲಿ ವೀಳ್ಯಕ್ಕೆ ಚಿಪ್ಪಿನ ಸುಣ್ಣವೇ ಬೇಕೆನ್ನುವವರನ್ನು ಇಲ್ಲಿ ನೆನೆಯಬಹುದು.

ಹಿರಿಯರಿಬ್ಬರ ಈ ವಾದದ ನಡುವೆ ವಿದ್ಯಾರ್ಥಿ ಜೋಸೆಫ್ ಬ್ಲ್ಯಾಕ್ ತನ್ನ ಸಂಶೋಧನೆಯನ್ನು ಆರಂಭಿಸಿದ. 1754ರ ಅವನ ವೈದ್ಯಕೀಯ ಪ್ರಬಂಧ ಮತ್ತು 1756ರಲ್ಲಿ ಪ್ರಕಟವಾದ ವಿಸ್ತೃತ ಲೇಖನ ರಸಾಯನ ವಿಜ್ಞಾನದ ದಾರಿಯನ್ನೇ ಬದಲಿಸಿದವು. ಬ್ಲ್ಯಾಕ್ ಪ್ರತಿ ಹಂತದಲ್ಲೂ ತಕ್ಕಡಿಯನ್ನು ಬಳಸಿದ. ಸುಣ್ಣಕಲ್ಲನ್ನು ಸುಟ್ಟಾಗ ಅದರ ತೂಕ ಕಡಿಮೆಯಾಗುವುದು ಒಂದು ಅನಿಲ ಹೊರಹೋಗುವುದರಿಂದ ಎಂದು ತೋರಿಸಿದ. ಅದಕ್ಕೆ 'ಸ್ಥಿರ ಗಾಳಿ' ಎಂಬ ಹೆಸರು ಬಳಸಿದ. ಅದೇ ಇಂಗಾಲದ ಡೈಆಕ್ಸೈಡ್. ಸುಣ್ಣದ ತಿಳಿನೀರನ್ನು ತೆರೆದಿಟ್ಟರೆ ಮೇಲೆ ಕಟ್ಟುವ ತೆಳುವಾದ ಕೆನೆ ಸುಣ್ಣಕಲ್ಲೇ ಎಂದೂ, ನಾವು ಬಿಡುವ ಉಸಿರಿನಲ್ಲಿ ಅದೇ ಅನಿಲವಿದೆಯೆಂದೂ ತಿಳಿದದ್ದು ಈ ಸಂಶೋಧನೆಯಿಂದ. ಇಂದಿಗೂ ಪ್ರೌಢಶಾಲೆಯಲ್ಲಿ ಮಾಡುವ ಪ್ರಯೋಗದ ಸಮೀಕರಣ ಹೀಗಿದೆ:

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + ಇಂಗಾಲದ ಡೈಆಕ್ಸೈಡ್ → ಕ್ಯಾಲ್ಸಿಯಂ ಕಾರ್ಬೋನೇಟ್ + ನೀರು

ಊದುವುದನ್ನು ಮುಂದುವರಿಸಿದರೆ ಬೆಳ್ಳಗಾದ ನೀರು ಮತ್ತೆ ತಿಳಿಯಾಗುತ್ತದೆ. ಆಗ ನಡೆಯುವುದು ಎರಡನೆಯ ಕ್ರಿಯೆ:

ಕ್ಯಾಲ್ಸಿಯಂ ಕಾರ್ಬೋನೇಟ್ + ನೀರು + ಇಂಗಾಲದ ಡೈಆಕ್ಸೈಡ್ → ಕ್ಯಾಲ್ಸಿಯಂ ಬೈಕಾರ್ಬೋನೇಟ್

ಈ ಎರಡನ್ನೂ ನೆನಪಿನಲ್ಲಿಡಿ. ಹವಳದ ತೊಟ್ಟಿಯ ಎಲ್ಲ ಉಪಕರಣಗಳೂ ಇವುಗಳ ಸುತ್ತಲೇ ಹುಟ್ಟಿವೆ.

ಇನ್ನೊಂದು ಹೆಜ್ಜೆ 1841ರದು. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಪ್ರಾಧ್ಯಾಪಕನಾಗಿದ್ದ ಥಾಮಸ್ ಕ್ಲಾರ್ಕ್ ಗಡಸು ನೀರನ್ನು ಮೆದುಗೊಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಗಡಸು ನೀರಿನಲ್ಲಿರುವ ಸುಣ್ಣವನ್ನು ತೆಗೆಯಲು ಅವನು ಹಾಕಿದ್ದು ಇನ್ನಷ್ಟು ಸುಣ್ಣವನ್ನು! ಹೊಸ ಸುಣ್ಣವು ನೀರಿನಲ್ಲಿದ್ದ ಬೈಕಾರ್ಬೋನೇಟ್ ಜೊತೆ ಸೇರಿ, ಎರಡೂ ಕಾರ್ಬೋನೇಟ್ ಆಗಿ ತಳಕ್ಕೆ ಕೂರುತ್ತವೆ. ಬಸಾಲ್ಟ್ ಸೀಮೆಯ ಬಾವಿನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವುದನ್ನು ಕಂಡವರಿಗೆ ಈ ಪ್ರಕ್ಷೇಪದ ಪರಿಚಯವಿದೆ. ಕ್ಲಾರ್ಕನಿಗೆ ಬೇಕಾಗಿದ್ದ ಈ ಪ್ರಕ್ಷೇಪವೇ ಹವಳ ಸಾಕುವವರಿಗೆ ಬೇಡವಾದದ್ದು.

ಗಾಜಿನ ತೊಟ್ಟಿಗೆ ಹವಳ ಬಂದದ್ದು

1846ರಲ್ಲಿ ಇಂಗ್ಲೆಂಡಿನ ಆನಾ ಥಿನ್ ಎಂಬ ಮಹಿಳೆ ಟಾರ್ಕಿ ಕಡಲತೀರದಿಂದ ಕಲ್ಲುಹವಳದ ಜೀವಿಗಳನ್ನು ಲಂಡನ್ನಿನ ಮನೆಗೆ ತಂದಳು. ನೀರಿಗೆ ಗಾಳಿ ಬೆರೆಯಲೆಂದು ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಸುವ ಕೆಲಸ ದಿನವೂ ನಡೆಯುತ್ತಿತ್ತು. ಅವು ತಂಪು ಕಡಲಿನ, ನಿಧಾನವಾಗಿ ಬೆಳೆಯುವ ಹವಳಗಳು. ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಮೀನು ಮತ್ತು ಜಲಸಸ್ಯಗಳ ಸಮತೋಲದ ಪ್ರಯೋಗವನ್ನು ಪ್ರಕಟಿಸಿದ. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಹೆಸರು ಮನೆಮಾತಾಯಿತು.

ಉಷ್ಣವಲಯದ ಹವಳದಿಬ್ಬಗಳನ್ನು ಕಟ್ಟುವ ಗಟ್ಟಿ ಹವಳಗಳು ಮಾತ್ರ ಮುಂದಿನ ನೂರು ವರ್ಷ ತೊಟ್ಟಿಗೆ ಒಗ್ಗಲಿಲ್ಲ. 1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್, ಜೀವಿಗಳು ನೆಲೆಸಿದ ಕಡಲ ಬಂಡೆಯ ತುಂಡುಗಳನ್ನೇ ತೊಟ್ಟಿಯಲ್ಲಿಟ್ಟು, ಗಾಳಿಯ ಗುಳ್ಳೆಗಳನ್ನಷ್ಟೇ ಹಾಯಿಸಿ ಹವಳ ಉಳಿಸಿದ ಬಗೆಯನ್ನು ಬರೆದ. ಆದರೆ ಅವನ ಪಕ್ಕದಲ್ಲೇ ಸಮುದ್ರವಿತ್ತು. ಯೂರೋಪಿನ ಒಳನಾಡಿನಲ್ಲಿ, ಉಪ್ಪು ಕದಡಿ ಮಾಡಿದ ಕೃತಕ ಕಡಲನೀರಿನಲ್ಲಿ ಹವಳ ಕೆಲವು ತಿಂಗಳಲ್ಲೇ ಕುಂದುತ್ತಿತ್ತು. ಪೀಟರ್ ವಿಲ್ಕೆನ್ಸ್ 1973ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಪುಸ್ತಕದ ಮೂಲಕ ಸುಣ್ಣದ ತಿಳಿನೀರಿನ ಬಳಕೆಯನ್ನು ಪ್ರಚಾರಕ್ಕೆ ತಂದ. ಇಂಗ್ಲಿಷ್ ಓದುಗರಲ್ಲಿ ಈ ವಿಧಾನ ನೆಲೆಗೊಂಡದ್ದು 1994ರಲ್ಲಿ ಚಾರ್ಲ್ಸ್ ಡೆಲ್‌ಬೀಕ್ ಮತ್ತು ಜೂಲಿಯನ್ ಸ್ಪ್ರಂಗ್ ಬರೆದ ಪುಸ್ತಕ ಬಂದ ಹೊತ್ತಿಗೆ.

ಸುಣ್ಣದ ನೀರೇ ಏಕೆ?

ಹವಳ ಒಂದು ಪ್ರಾಣಿ. ಅದು ಕಡಲನೀರಿನಿಂದ ಕ್ಯಾಲ್ಸಿಯಂ ಮತ್ತು ಬೈಕಾರ್ಬೋನೇಟ್ ಅಯಾನುಗಳನ್ನು ಪಡೆದು ತನ್ನ ಕಲ್ಲಿನ ಅಸ್ಥಿಪಂಜರವನ್ನು ಕಟ್ಟುತ್ತದೆ:

ಒಂದು ಕ್ಯಾಲ್ಸಿಯಂ ಅಯಾನು + ಎರಡು ಬೈಕಾರ್ಬೋನೇಟ್ ಅಯಾನು → ಕ್ಯಾಲ್ಸಿಯಂ ಕಾರ್ಬೋನೇಟ್ + ಇಂಗಾಲದ ಡೈಆಕ್ಸೈಡ್ + ನೀರು

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 410–420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ; ಪಿಎಚ್ ಮೌಲ್ಯ 8.1ರ ಸುತ್ತ ಇರುತ್ತದೆ. ಸಮುದ್ರ ಅಪಾರವಾದುದರಿಂದ ಹವಳ ತೆಗೆದುಕೊಂಡದ್ದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇನ್ನೂರು ಲೀಟರಿನ ತೊಟ್ಟಿಯಲ್ಲಿ ಹಾಗಲ್ಲ. ಕ್ಯಾಲ್ಸಿಯಂ ಕ್ಲೋರೈಡನ್ನು ಹಾಕಿದರೆ ಕ್ಯಾಲ್ಸಿಯಂ ಮಾತ್ರ ಏರುತ್ತದೆ, ಅಡುಗೆ ಸೋಡಾ ಹಾಕಿದರೆ ಬೈಕಾರ್ಬೋನೇಟ್ ಮಾತ್ರ ಏರುತ್ತದೆ. ಸುಣ್ಣದ ನೀರಿನ ಗುಣವೇ ಬೇರೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಒಂದು ಅಣು ತೊಟ್ಟಿಯ ನೀರಿನಲ್ಲಿ ಎರಡು ಇಂಗಾಲದ ಡೈಆಕ್ಸೈಡ್ ಅಣುಗಳೊಡನೆ ಸೇರಿದಾಗ ಒಂದು ಕ್ಯಾಲ್ಸಿಯಂ ಅಯಾನು ಮತ್ತು ಎರಡು ಬೈಕಾರ್ಬೋನೇಟ್ ಅಯಾನುಗಳಾಗುತ್ತವೆ. ಹವಳ ಯಾವ ಪ್ರಮಾಣದಲ್ಲಿ ತೆಗೆದುಕೊಂಡಿತೋ ಅದೇ ಪ್ರಮಾಣದಲ್ಲಿ ಎರಡೂ ಮರಳಿ ದೊರೆಯುತ್ತವೆ.

ಆದರೆ ಇದಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಗಾಳಿಯಿಂದ, ಜೀವಿಗಳ ಉಸಿರಾಟದಿಂದ ನಿಧಾನವಾಗಿ ಬರಬೇಕು. ಸುಣ್ಣ ಅದಕ್ಕಿಂತ ವೇಗವಾಗಿ ಬಂದರೆ ಪಿಎಚ್ ಮೌಲ್ಯ ಏರಿ, ತೊಟ್ಟಿಯಲ್ಲಿ ಮೊದಲೇ ಇದ್ದ ಬೈಕಾರ್ಬೋನೇಟ್ ಕಾರ್ಬೋನೇಟಾಗಿ, ಕ್ಯಾಲ್ಸಿಯಂ ಜೊತೆ ಪ್ರಕ್ಷೇಪಗೊಳ್ಳುತ್ತದೆ. ಅಂದರೆ ಹವಳಕ್ಕೆ ಉಣಿಸಲು ಹೋಗಿ ಕ್ಲಾರ್ಕನ ಕ್ರಿಯೆಯನ್ನು ನಡೆಸಿದಂತಾಗುತ್ತದೆ. ಉಪಕರಣದ ಆಯ್ಕೆ ಮುಖ್ಯವಾಗುವುದು ಈ ಕಾರಣಕ್ಕೆ.

ಒಂದು ಲೆಕ್ಕ

25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು ಒಂದೂವರೆ ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕರಗುತ್ತದೆ. ಇದು ಸುಮಾರು 20 ಮಿಲಿಮೋಲ್. ಅದರ ಪಿಎಚ್ ಮೌಲ್ಯ 12.4ರಷ್ಟು. ಸಕ್ಕರೆ, ಉಪ್ಪುಗಳಿಗೆ ವ್ಯತಿರಿಕ್ತವಾಗಿ, ನೀರು ಬಿಸಿಯಾದಂತೆ ಸುಣ್ಣ ಕಡಿಮೆ ಕರಗುತ್ತದೆ. ಕುದಿಬಿಂದುವಿನ ಬಳಿ ಅದರ ವಿಲೇಯತೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಹೀಗಾಗಿ ದುಬಲಗುಂಡಿಯ ಮೇ ತಿಂಗಳ ಬಿಸಿಲಿನಲ್ಲಿ ತಯಾರಿಸಿದ ತಿಳಿನೀರು ಡಿಸೆಂಬರ್ ತಿಂಗಳದಕ್ಕಿಂತ ತುಸು ದುರ್ಬಲವಾಗಿರುತ್ತದೆ.

200 ಲೀಟರಿನ ತೊಟ್ಟಿಯಿಂದ ದಿನಕ್ಕೆ 2 ಲೀಟರ್ ಆವಿಯಾಗುತ್ತದೆಂದು ಇಟ್ಟುಕೊಳ್ಳೋಣ. ಅಷ್ಟನ್ನೂ ಸುಣ್ಣದ ನೀರಿನಿಂದ ತುಂಬಿದರೆ 40 ಮಿಲಿಮೋಲ್ ಕ್ಯಾಲ್ಸಿಯಂ ಸಿಗುತ್ತದೆ. ಅದರಿಂದ ಹವಳ ಕಟ್ಟಬಹುದಾದ ಕಲ್ಲು ಸುಮಾರು 4 ಗ್ರಾಂ. ಈ 2 ಲೀಟರನ್ನು ಒಮ್ಮೆಲೇ ಸುರಿದರೆ ತೊಟ್ಟಿಯ ಪಿಎಚ್ ಸುಮಾರು ಅರ್ಧ ಅಂಕದಷ್ಟು ಜಿಗಿಯುತ್ತದೆ. ಇದು ಹವಳಕ್ಕೂ ಮೀನಿಗೂ ಆಘಾತ. ರಾತ್ರಿಯ 12 ಗಂಟೆಗಳಲ್ಲಿ ಹರಡಿ ಕೊಟ್ಟರೆ ನಿಮಿಷಕ್ಕೆ 2.8 ಮಿಲಿಲೀಟರ್ ಬೀಳುತ್ತದೆ. ಆಸ್ಪತ್ರೆಯ ಸಲೈನ್ ನಳಿಕೆಯಲ್ಲಿ ಸಾಮಾನ್ಯವಾಗಿ 20 ಹನಿ ಸೇರಿ ಒಂದು ಮಿಲಿಲೀಟರ್ ಆಗುತ್ತದೆ. ಹಾಗಾದರೆ ನಿಮಿಷಕ್ಕೆ 56 ಹನಿ, ಸೆಕೆಂಡಿಗೆ ಸರಿಸುಮಾರು ಒಂದು ಹನಿ. ರಾತ್ರಿಯನ್ನು ಆರಿಸುವುದಕ್ಕೂ ಕಾರಣವಿದೆ. ಬೆಳಕಿಲ್ಲದಾಗ ದ್ಯುತಿಸಂಶ್ಲೇಷಣೆ ನಿಂತು, ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚಿ, ಪಿಎಚ್ ತಾನಾಗಿ ಇಳಿಯುತ್ತಿರುತ್ತದೆ.

ಹನಿಸುವ ಉಪಕರಣಗಳು

1. ಬಾಟಲಿ ಮತ್ತು ನಳಿಕೆ. ಲಿಂಗದ ಮೇಲೆ ತೂಗುವ ಧಾರಾಪಾತ್ರೆಯನ್ನು ಎಲ್ಲರೂ ಕಂಡಿದ್ದೇವೆ. ಪಾತ್ರೆ ತುಂಬಿದ್ದಾಗ ಧಾರೆ ಬಿರುಸು, ಖಾಲಿಯಾಗುತ್ತ ಬಂದಂತೆ ಮಂದ. 17ನೇ ಶತಮಾನದ ಟಾರಿಚೆಲ್ಲಿಯ ನಿಯಮದಂತೆ ರಂಧ್ರದಿಂದ ಹೊರಬರುವ ನೀರಿನ ವೇಗ ಮೇಲಿರುವ ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. ಎತ್ತರ ನಾಲ್ಕನೇ ಒಂದು ಭಾಗಕ್ಕಿಳಿದರೆ ವೇಗ ಅರ್ಧಕ್ಕಿಳಿಯುತ್ತದೆ. ಸಂಜೆ ಸರಿಹೊಂದಿಸಿದ ಹನಿಯ ಲೆಕ್ಕ ಬೆಳಗಿನ ಜಾವಕ್ಕೆ ತಪ್ಪುವುದು ಹೀಗೆ.

ಇದಕ್ಕೆ ಪರಿಹಾರವನ್ನು ಅದೇ ಶತಮಾನದ ಫ್ರಾನ್ಸಿನ ಎಡ್ಮ್ ಮಾರಿಯೋಟ್‌ನ ಹೆಸರಿನ ಬಾಟಲಿ ಒದಗಿಸಿತು. ಬಾಟಲಿಯ ಬಾಯಿಗೆ ಬಿಗಿಯಾದ ಬಿರಡೆ, ಅದರ ಮೂಲಕ ನೀರಿನೊಳಗೆ ಇಳಿಬಿಟ್ಟ ಒಂದು ಗಾಳಿ ಕೊಳವೆ, ತಳದ ಹತ್ತಿರ ಹೊರಗಂಡಿ. ನೀರು ಹೊರಬಂದಂತೆ ಗಾಳಿ ಆ ಕೊಳವೆಯ ತುದಿಯಿಂದ ಗುಳ್ಳೆಯಾಗಿ ಒಳಬರುತ್ತದೆ. ಕೊಳವೆಯ ತುದಿಯಲ್ಲಿ ಒತ್ತಡ ಯಾವಾಗಲೂ ವಾಯುಮಂಡಲದ ಒತ್ತಡಕ್ಕೆ ಸಮವಾಗಿರುವುದರಿಂದ, ನೀರಿನ ಮಟ್ಟ ಆ ತುದಿಗಿಂತ ಮೇಲಿರುವವರೆಗೂ ಹರಿವು ಒಂದೇ ಸಮನಾಗಿರುತ್ತದೆ. ಗಾಳಿ ಒಳಬಂದರೆ ಸುಣ್ಣ ಕೆಡುವುದಿಲ್ಲವೇ? ಲೆಕ್ಕ ಹಾಕೋಣ. 2 ಲೀಟರ್ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಒಂದು ಮಿಲಿಲೀಟರಿಗಿಂತ ಕಡಿಮೆ. ಅದು 40 ಮಿಲಿಮೋಲ್ ಸುಣ್ಣದ ಮುಂದೆ ನಗಣ್ಯ. ಆದರೆ ಸುಣ್ಣದ ನೀರನ್ನು ಕಲಕಲು ಗಾಳಿಕಲ್ಲು ಬಳಸಿ ನಿಮಿಷಕ್ಕೆ 2 ಲೀಟರಿನಂತೆ ದಿನವಿಡೀ ಗುಳ್ಳೆ ಹಾಯಿಸಿದರೆ, ಒಳಬರುವ ಇಂಗಾಲದ ಡೈಆಕ್ಸೈಡ್ ಸುಮಾರು 50 ಮಿಲಿಮೋಲ್. ಅದೆಲ್ಲ ಹೀರಲ್ಪಟ್ಟರೆ ಇಡೀ ಪಾತ್ರೆಯ ಸುಣ್ಣ ಸೀಮೆಸುಣ್ಣದ ಪುಡಿಯಂತೆ ತಳ ಸೇರುತ್ತದೆ.

ಬಾಟಲಿಗೆ ವಿದ್ಯುತ್ ಬೇಡ, ಖರ್ಚು ಅತಿ ಕಡಿಮೆ. ವಿದ್ಯುತ್ ಕೈಕೊಡುವ ಊರುಗಳಲ್ಲಿ ಇದು ದೊಡ್ಡ ಗುಣ. ನಳಿಕೆಯ ತುದಿಯಲ್ಲಿ ಕಾರ್ಬೋನೇಟ್ ಕಟ್ಟಿ ಹನಿ ನಿಲ್ಲುವುದು ಇದರ ದೋಷ. ಆಗಾಗ ವಿನೆಗರಿನಲ್ಲಿ ನೆನೆಸಿ ತೊಳೆಯಬೇಕು. ಗಸಿ ಬಾರದಂತೆ ಹೊರಗಂಡಿ ತಳಕ್ಕಿಂತ ಕೆಲವು ಸೆಂಟಿಮೀಟರ್ ಮೇಲಿರಬೇಕು. ಹನಿ ಬೀಳುವ ಕಡೆ ತೊಟ್ಟಿಯ ನೀರು ಹರಿಯುತ್ತಿರಬೇಕು.

2. ತೇಲುಬೆಂಡಿನ ಸ್ವಿಚ್ಚು ಮತ್ತು ಸಣ್ಣ ಪಂಪು. ಮನೆಯ ಮೇಲಿನ ನೀರಿನ ಟ್ಯಾಂಕಿನ ತತ್ತ್ವವೇ ಇಲ್ಲಿಯೂ ಇದೆ. ಮಟ್ಟ ಇಳಿದರೆ ಪಂಪು ನಡೆಯುತ್ತದೆ, ಏರಿದರೆ ನಿಲ್ಲುತ್ತದೆ. ಆವಿಯಾದಷ್ಟೇ ನೀರು ಸೇರುವುದರಿಂದ ಅನುಕೂಲ. ಆದರೆ ಬೀದರ ಸೀಮೆಯ ಒಣ ಬೇಸಿಗೆಯಲ್ಲಿ ಆವಿಯಾಗುವಿಕೆ ಬಹಳ ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ಹವಳದ ಹಸಿವು ಹವೆಯನ್ನು ಅನುಸರಿಸಿ ಬದಲಾಗುವುದಿಲ್ಲ. ಮೇಲಾಗಿ ಬೆಂಡು ಸಿಕ್ಕಿಕೊಂಡರೆ ಪಂಪು ನಿಲ್ಲದೆ ಎಲ್ಲ ಸುಣ್ಣವನ್ನೂ ಸುರಿಯುತ್ತದೆ. ಆದ್ದರಿಂದ ಸಂಗ್ರಹ ಪಾತ್ರೆಯಲ್ಲಿ ಒಂದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಇಡಬೇಕು. ಸ್ವಿಚ್ಚು ಕೆಟ್ಟಾಗ ತೊಟ್ಟಿಗೆ ಬೀಳುವ ಸುಣ್ಣಕ್ಕೆ ಮಿತಿ ಹಾಕುವುದು ಆ ಪಾತ್ರೆಯ ಗಾತ್ರವೇ.

3. ಪೆರಿಸ್ಟಾಲ್ಟಿಕ್ ಪಂಪು. ನಮ್ಮ ಅನ್ನನಾಳ ತುತ್ತನ್ನು ಹಿಂಡುತ್ತ ಕೆಳಗೆ ನೂಕುತ್ತದೆ. ಅದರಂತೆ ಉರುಳೆಗಳು ಮೆದು ಕೊಳವೆಯನ್ನು ಒತ್ತುತ್ತ ದ್ರವವನ್ನು ಮುಂದೆ ಸಾಗಿಸುವ ಪಂಪಿಗೆ ಅಮೆರಿಕದಲ್ಲಿ 1855ರಷ್ಟು ಹಿಂದೆಯೇ ಪೇಟೆಂಟ್ ದೊರೆತಿತ್ತು. 1934ರಲ್ಲಿ ಮೈಕೆಲ್ ಡಿಬೇಕಿ ಈ ಬಗೆಯ ಪಂಪನ್ನು ರಕ್ತಪೂರಣಕ್ಕೆ ಅಳವಡಿಸಿದ. ಮುಂದೆ ತೆರೆದ ಹೃದಯದ ಶಸ್ತ್ರಚಿಕಿತ್ಸೆಯ ಯಂತ್ರಗಳಿಗೂ ಅದೇ ಆಧಾರವಾಯಿತು. ದ್ರವ ಕೊಳವೆಯನ್ನು ಬಿಟ್ಟು ಬೇರಾವ ಭಾಗವನ್ನೂ ಮುಟ್ಟದಿರುವುದು ರಕ್ತಕ್ಕೂ ಒಳಿತು, ಸುಣ್ಣಕ್ಕೂ ಒಳಿತು. ನಿಮಿಷಕ್ಕೆ 2–3 ಮಿಲಿಲೀಟರಿನಂಥ ಸಣ್ಣ ಹರಿವನ್ನು ಇದು ನೀರಿನ ಎತ್ತರವನ್ನು ಲೆಕ್ಕಿಸದೆ ಸಾಗಿಸುತ್ತದೆ. ಗಡಿಯಾರದ ಸ್ವಿಚ್ಚನ್ನು ಜೋಡಿಸಿದರೆ ರಾತ್ರಿಯ ಹೊತ್ತು ಮಾತ್ರ ನಡೆಸಬಹುದು. ಕೊಳವೆ ಸವೆದು ಬಿರುಕು ಬಿಡುವುದರಿಂದ ಕಾಲಕಾಲಕ್ಕೆ ಬದಲಿಸಬೇಕು. ಬೆಲೆ ಹೆಚ್ಚು, ಆದರೆ ನಿಖರತೆ ಬೇಕಿದ್ದವರಿಗೆ ಇದು ಮೊದಲ ಆಯ್ಕೆ.

4. ಕಲಕುವ ಕೊಳವೆ. ನಾರ್ವೆಯ ಆಲ್ಫ್ ಯಾಕೊಬ್ ನಿಲ್ಸೆನ್‌ನ ಹೆಸರಿನಿಂದ ಪ್ರಸಿದ್ಧವಾದ ಈ ಸಾಧನ 1990ರ ದಶಕದಲ್ಲಿ ಬಳಕೆಗೆ ಬಂತು. ಮುಚ್ಚಿದ ಎತ್ತರದ ಕೊಳವೆಯ ತಳದಲ್ಲಿ ಸುಣ್ಣದ ಪುಡಿ, ಅದನ್ನು ಆಗಾಗ ಕದಡುವ ಕಾಂತದ ಕಡ್ಡಿ. ತಳದಿಂದ ಶುದ್ಧ ನೀರನ್ನು ನೂಕಿದರೆ ಮೇಲಿನಿಂದ ತಿಳಿಯಾದ ಸುಣ್ಣದ ನೀರು ತೊಟ್ಟಿಗೆ ಹೋಗುತ್ತದೆ. ಸಂಗ್ರಹ ಪಾತ್ರೆಯಲ್ಲಿ ಬರಿ ನೀರಿರುವುದರಿಂದ ಪಂಪು ಕಟ್ಟಿಕೊಳ್ಳುವುದಿಲ್ಲ, ಪುಡಿಗೆ ಗಾಳಿ ಸೋಕುವುದಿಲ್ಲ. ಆದರೆ ಕಲಕುವಿಕೆ ಬಿರುಸಾದರೆ ಅಥವಾ ನೀರು ವೇಗವಾಗಿ ನುಗ್ಗಿದರೆ ತಿಳಿನೀರಿನ ಬದಲು 'ಸುಣ್ಣದ ಹಾಲು' ಹೊರಬರುತ್ತದೆ. ಸಕ್ಕರೆ ಕಾರ್ಖಾನೆಗೆ ಬೇಕಾದದ್ದು ಅದು, ಹವಳಕ್ಕಲ್ಲ. ಆದ್ದರಿಂದ ಇದನ್ನೂ ಮೂರನೆಯ ಬಗೆಯ ಪಂಪಿನಿಂದಲೇ ನಡೆಸುವುದು ಕ್ಷೇಮ.

ಆವಿಯಾದಷ್ಟಕ್ಕಿಂತ ಹೆಚ್ಚು ಸುಣ್ಣದ ನೀರು ಹಾಕಲಾಗದು. ಹವಳ ಬೆಳೆದು ಹಸಿವು ಈ ಮಿತಿಯನ್ನು ಮೀರಿದಾಗ ಬೇರೆ ದಾರಿ ಬೇಕು. ಡ್ಯೂಸೆಲ್ಡಾರ್ಫ್‌ನ ಲೊಬ್ಬೆಕೆ ಸಂಗ್ರಹಾಲಯದ ಮತ್ಸ್ಯಾಲಯದಲ್ಲಿ ರಾಲ್ಫ್ ಹೆಬ್ಬಿಂಗ್‌ಹಾಸ್ ರೂಪಿಸಿ 1990ರ ದಶಕದಲ್ಲಿ ಪ್ರಸಿದ್ಧವಾದ ಕ್ಯಾಲ್ಸಿಯಂ ರಿಯಾಕ್ಟರ್ ಅಂಥದು. ಅದರಲ್ಲಿ ಕಾರ್ಬೋನೇಟಿನ ಚೂರುಗಳ ಮೇಲೆ ಇಂಗಾಲದ ಡೈಆಕ್ಸೈಡ್ ಬೆರೆತ ತೊಟ್ಟಿಯ ನೀರನ್ನೇ ಹಾಯಿಸಿ ಅವನ್ನು ಕರಗಿಸುತ್ತಾರೆ. ಮೇಲೆ ನೆನಪಿಡಲು ಹೇಳಿದ ಎರಡನೆಯ ಸಮೀಕರಣವೇ ಅದು.

ಸುಣ್ಣಕ್ಕಾಗಿ ಸುಟ್ಟ ಹವಳ

ಈ ಕಥೆಗೆ ನಮ್ಮ ದೇಶದಲ್ಲಿ ಒಂದು ಕಹಿಯಾದ ಮಗ್ಗುಲಿದೆ. ಹವಳಕ್ಕಾಗಿ ಸುಣ್ಣವನ್ನು ಹನಿಸುವ ಮೊದಲು, ಸುಣ್ಣಕ್ಕಾಗಿ ಹವಳವನ್ನು ಸುಟ್ಟ ದೀರ್ಘಕಾಲ ಇತ್ತು. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಹವಳದ ಬಂಡೆಗಳನ್ನು ಕಿತ್ತು ಸುಣ್ಣದ ಭಟ್ಟಿಗಳಿಗೂ ಕಟ್ಟಡಗಳಿಗೂ ಬಳಸುತ್ತಿದ್ದರು. ಲಕ್ಷದ್ವೀಪದ ಹಳೆಯ ಮನೆಗಳ ಕಲ್ಲೂ ಸುಣ್ಣವೂ ಹವಳದ್ದೇ. ಮನ್ನಾರ್ ಕೊಲ್ಲಿಯ ದ್ವೀಪಗಳನ್ನು 1986ರಲ್ಲಿ ರಾಷ್ಟ್ರೀಯ ಸಾಗರ ಉದ್ಯಾನವೆಂದು ಘೋಷಿಸಿದರೂ ಹವಳ ಕೀಳುವುದು ಈ ಶತಮಾನದ ಆರಂಭದವರೆಗೂ ನಡೆಯಿತು. 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿ, ಆನೆಗಳಿಗಿರುವ ರಕ್ಷಣೆಯೇ ಹವಳಕ್ಕೂ ದೊರೆಯಿತು.

ಕರ್ನಾಟಕದಲ್ಲಿ ಹವಳವನ್ನು ಕಾಣಬಹುದಾದ ತಾಣ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಅಲ್ಲಿಂದಾಗಲಿ, ನಮ್ಮ ದೇಶದ ಬೇರೆ ಕಡಲಿನಿಂದಾಗಲಿ ಹವಳದ ಒಂದು ತುಂಡನ್ನು ತರುವುದೂ ಅಪರಾಧ. ಹಾಗಾದರೆ ನಮ್ಮ ವಿದ್ಯಾರ್ಥಿಗಳು ಈ ವಿಷಯವನ್ನು ಏಕೆ ಓದಬೇಕು? ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಇಡೀ ಸಮುದ್ರದ ಪಿಎಚ್ ಮೌಲ್ಯ ಇಳಿಯುತ್ತಿದೆ. ಕೈಗಾರಿಕಾ ಯುಗಕ್ಕಿಂತ ಮುಂಚೆ ಸುಮಾರು 8.2 ಇದ್ದದ್ದು ಈಗ 8.1ರ ಆಸುಪಾಸಿಗೆ ಬಂದಿದೆ. ತೊಟ್ಟಿಯಲ್ಲಿ ಒಂದು ಸೆಕೆಂಡಿಗೆ ಒಂದು ಹನಿಯಿಂದ ಸರಿದೂಗಿಸುವ ಸಮತೋಲವನ್ನು ಸಮುದ್ರದಲ್ಲಿ ಸರಿದೂಗಿಸಲು ಯಾವ ಬಾಟಲಿಯೂ ಸಾಲದು. ಹವಳ ಏಕೆ ಕುಂದುತ್ತದೆ ಎಂಬುದನ್ನು ಅರಿಯಲು ಸುಣ್ಣದ ಈ ಸರಳ ರಸಾಯನವೇ ಬಾಗಿಲು.

ಶಾಲೆಯಲ್ಲಿ ಮಾಡಿ ನೋಡಿ

ಹವಳವೂ ಬೇಡ, ಸುಣ್ಣವೂ ಬೇಡ, ಬರಿ ನೀರು ಸಾಕು. ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಬಾಟಲಿಗಳಲ್ಲಿ ತಳದ ಹತ್ತಿರ ಒಂದೇ ಗಾತ್ರದ ಸಣ್ಣ ರಂಧ್ರ ಮಾಡಿ. ಒಂದನ್ನು ಬಾಯಿ ತೆರೆದಿಡಿ. ಇನ್ನೊಂದಕ್ಕೆ ಗಾಳಿ ಸೋರದ ಬಿರಡೆ ಹಾಕಿ, ಅದರ ಮೂಲಕ ಒಂದು ಕೊಳವೆಯನ್ನು ರಂಧ್ರಕ್ಕಿಂತ ಸುಮಾರು 5 ಸೆಂಟಿಮೀಟರ್ ಮೇಲಿನವರೆಗೆ ಇಳಿಸಿ. ನಿಮಿಷಕ್ಕೊಮ್ಮೆ ಹೊರಬಂದ ನೀರನ್ನು ಅಳೆದು ರೇಖಾಚಿತ್ರ ಬರೆಯಿರಿ. ತೆರೆದ ಬಾಟಲಿಯ ಅಳತೆಗಳು ಒಂದೊಂದಾಗಿ ಇಳಿಯುತ್ತ ಹೋಗುತ್ತವೆ, ಮಾರಿಯೋಟ್ ಬಾಟಲಿಯವು ಹೆಚ್ಚು ಕಾಲ ಸಮವಾಗಿ ನಿಲ್ಲುತ್ತವೆ. ಕೊಳವೆಯ ತುದಿಯನ್ನು ಮೇಲೆ ಕೆಳಗೆ ಸರಿಸಿ ಹರಿವು ಹೇಗೆ ಬದಲಾಗುತ್ತದೆಂದು ನೋಡಿ.

ಸುಣ್ಣದೊಡನೆ ಕೆಲಸ ಮಾಡುವಾಗ ಶಿಕ್ಷಕರು ಜೊತೆಗಿರಲೇಬೇಕು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸುವಾಗ ಅದು ಕುದಿದು ಸಿಡಿಯುತ್ತದೆ. ಆ ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಡಬೇಡಿ. ತಿಳಿನೀರು ನೋಡಲು ನೀರಿನಂತಿದ್ದರೂ ಅದು ಪ್ರಬಲ ಕ್ಷಾರ. ಕನ್ನಡಕ, ಕೈಗವಸು ಧರಿಸಿ. ಅಂಗಡಿಯಲ್ಲಿ ಸಿಗುವ ಎಲೆಸುಣ್ಣದ ಪ್ಲಾಸ್ಟಿಕ್ ಪೊಟ್ಟಣಗಳನ್ನು ಮಕ್ಕಳು ಆಟಕ್ಕೆ ಹಿಚುಕಿ, ಅದು ಒಡೆದು ಕಣ್ಣಿಗೆ ಸಿಡಿದು ದೃಷ್ಟಿ ಕಳೆದುಕೊಂಡ ಪ್ರಕರಣಗಳು ನಮ್ಮ ದೇಶದಲ್ಲಿ ವರದಿಯಾಗಿವೆ. ಕಣ್ಣಿಗೆ ಸುಣ್ಣ ಬಿದ್ದರೆ ಉಜ್ಜಬಾರದು. ಕೂಡಲೇ ಶುದ್ಧ ನೀರನ್ನು ಧಾರಾಳವಾಗಿ, ಕಾಲು ಗಂಟೆಗೂ ಕಡಿಮೆಯಿಲ್ಲದಂತೆ ಹಾಯಿಸಿ, ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಬೇಕು. ಈ ಒಂದು ಮಾತನ್ನು ತರಗತಿಯಲ್ಲಿ ಹೇಳುವುದಕ್ಕೆ ಯಾವ ಉಪಕರಣವೂ ಬೇಕಿಲ್ಲ. ಸುಣ್ಣದ ತಿಳಿನೀರಿನ ಪಾಠ ಮಾಡುವ ದಿನವೇ ಅದನ್ನೂ ಹೇಳಿಬಿಡಿ.